ಮಲಗಿದವನಿಗೆ ಲಕ್ಷ, ಕಾದು ಕೂತವಳಿಗೆ ಬಾಕಿ

ಬೆಂಗಳೂರಿನ ಹಾಸಿಗೆ ಕಂಪನಿ ವೇಕ್‌ಫಿಟ್ 2019ರಲ್ಲಿ ಒಂದು ಕೆಲಸಕ್ಕೆ ಅರ್ಜಿ ಕರೆಯಿತು. ಕೆಲಸ ಇಷ್ಟೆ: ರಾತ್ರಿ 9 ತಾಸು ನಿದ್ದೆ ಮಾಡುವುದು. ಹೀಗೆ 100 ರಾತ್ರಿ. ಅದಕ್ಕೆ 1 ಲಕ್ಷ ರೂಪಾಯಿ. ‘ಸ್ಲೀಪ್ ಇಂಟರ್ನ್‌ಶಿಪ್’ ಅಂತ ಹೆಸರು. ಜನ ಮುಗಿಬಿದ್ದರು. ಬೀಳದೆ ಇನ್ನೇನು? ನಮ್ಮಲ್ಲಿ ಎಷ್ಟೋ ಜನ ಇದೇ ಕೆಲಸವನ್ನು ಕಚೇರಿ ಕುರ್ಚಿಯಲ್ಲಿ, ಹಗಲು ಹೊತ್ತು, ಯಾವ ಬಹುಮಾನದ ಆಸೆಯೂ ಇಲ್ಲದೆ ಮಾಡಿಕೊಂಡು ಬಂದಿದ್ದಾರೆ.

ಅದೇ ಬೆಂಗಳೂರಿನಲ್ಲಿ ನಿದ್ದೆ ಬಾರದವರಿಗೆ ಮಾತ್ರೆಯಿಲ್ಲದ ಚಿಕಿತ್ಸೆಯ ಬಗ್ಗೆ ಸಂಶೋಧನೆ ಮಾಡುವ ಹುಡುಗ ಹುಡುಗಿಯರೂ ಇದ್ದಾರೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕ ಪುಣ್ಯವಂತರಿಗೆ ತಿಂಗಳಿಗೆ 37,000. ಅದೂ 2023ರಲ್ಲಿ ದೇಶದ ತುಂಬ ಸಂಶೋಧಕರು ಬೀದಿಗಿಳಿದು ಕೂಗಿದ ಮೇಲೆ 31,000ದಿಂದ ಏರಿದ್ದು. ನೆಟ್ ಫೆಲೋಶಿಪ್ ಇಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದವರಿಗೆ 8,000. ಎಂಟು ಸಾವಿರ! ಬೆಂಗಳೂರಿನಲ್ಲಿ ಆ ದುಡ್ಡಿಗೆ ಪಿಜಿಯಲ್ಲಿ ಒಂದು ಮಂಚ ಸಿಗುತ್ತದೆ, ಮೂರನೆಯವರ ಗೊರಕೆ ಉಚಿತ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ಜನರಿಗೆ ಆ ಎಂಟೂ ಇಲ್ಲ.

ಈಗ ಲೆಕ್ಕ ಹಾಕಿ. ಕಣ್ಣು ಮುಚ್ಚಿ ಮಲಗಿದವನಿಗೂ ಕಣ್ಣು ಬಿಟ್ಟು ಅವನ ನಿದ್ದೆಯನ್ನು ಅಳೆಯುವ ಜೆಆರ್‌ಎಫ್ ಹುಡುಗಿಗೂ ತಿಂಗಳ ಕೂಲಿ ಹೆಚ್ಚುಕಮ್ಮಿ ಒಂದೇ. ಅವನ ಹತ್ತಿರ ಯಾರೂ ಬಳಕೆ ಪ್ರಮಾಣಪತ್ರ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಮಾತ್ರೆಯಿಲ್ಲದ ಚಿಕಿತ್ಸೆ ಅಂದರೆ ಬಿಸಿ ಹಾಲು, ಜಾಯಿಕಾಯಿ, ಅಂಗಾಲಿಗೆ ಹರಳೆಣ್ಣೆ ಅಂತ ತಿಳಿದವರು ಒಂದು ನಿಮಿಷ ತಡೆಯಿರಿ. ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಯಲ್ಲಿ ನಿದ್ರಾಹೀನತೆಗಾಗಿಯೇ ರೂಪಿಸಿದ ಪದ್ಧತಿ ಇದೆ. ಬಲ್ಲವರು ಸಿಬಿಟಿ-ಐ ಅನ್ನುತ್ತಾರೆ. ಸಾಮಾನ್ಯವಾಗಿ ಆರೆಂಟು ಭೇಟಿಯಲ್ಲಿ ಮುಗಿಯುತ್ತದೆ. ಮೊದಲು ಒಂದೆರಡು ವಾರ ನಿಮ್ಮ ಕೈಯಲ್ಲಿ ಸ್ಲೀಪ್ ಡೈರಿ ಬರೆಸುತ್ತಾರೆ. ಎಷ್ಟಕ್ಕೆ ಮಲಗಿದಿರಿ, ಎಷ್ಟಕ್ಕೆ ನಿದ್ದೆ ಹತ್ತಿತು, ನಡುವೆ ಎಷ್ಟು ಸಲ ಎಚ್ಚರವಾಯಿತು.

ಎಂಟು ತಾಸು ಹಾಸಿಗೆಯಲ್ಲಿ ಹೊರಳಾಡಿ ಐದೂವರೆ ತಾಸು ನಿದ್ದೆ ಗಿಟ್ಟಿಸುವವನಿಗೆ ಹಾಸಿಗೆಯ ಸಮಯವನ್ನೇ ಐದೂವರೆ ತಾಸಿಗೆ ಇಳಿಸಿಬಿಡುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರು ಹೇಳಿದರು. ಇವರು ನಿದ್ದೆ ಇದ್ದಷ್ಟೇ ಹಾಸಿಗೆ ಹಾಸು ಅನ್ನುತ್ತಾರೆ. ನಿದ್ದೆ ಗಟ್ಟಿಯಾದ ಹಾಗೆ ಹದಿನೈದು ಹದಿನೈದು ನಿಮಿಷ ಏರಿಸುತ್ತಾ ಹೋಗುತ್ತಾರೆ. ಆರ್ಥರ್ ಸ್ಪೀಲ್ಮನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ವಿಧಾನ ಇದು. ಅದಕ್ಕೂ ಹಳೆಯದು ರಿಚರ್ಡ್ ಬೂಟ್ಜಿನ್ 1972ರಲ್ಲಿ ಹೇಳಿದ್ದು: ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಒದ್ದಾಡಬೇಡಿ, ಎದ್ದು ಬೇರೆ ಕೋಣೆಗೆ ಹೋಗಿ, ಕಣ್ಣೆಳೆದಾಗ ಬನ್ನಿ.

ಇದರಲ್ಲಿ ಮಂತ್ರವಿಲ್ಲ, ಮಾಯವಿಲ್ಲ. ಲೆಕ್ಕ ಇದೆ, ಶಿಸ್ತು ಇದೆ, ಜೊತೆಗೆ ಕೂತು ನಡೆಸುವ ಮನುಷ್ಯ ಬೇಕು. ಅಪಸ್ಮಾರ, ಬೈಪೋಲಾರ್ ಇರುವವರಿಗೆ, ರಾತ್ರಿ ಲಾರಿ ಓಡಿಸುವವರಿಗೆ ನಿದ್ದೆಯ ಸಮಯ ಕತ್ತರಿಸುವುದು ಅಪಾಯ. ಹಾಗಾಗಿ ತರಬೇತಿ ಪಡೆದವರೇ ಬೇಕು.

ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹೇಳಿತು: ವಯಸ್ಕರ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಇದನ್ನು ಕೊಡಿ, ಮಾತ್ರೆಯ ಮಾತು ಆಮೇಲೆ. ಯುರೋಪಿನ ತಜ್ಞರು 2017ರಲ್ಲಿ ಅದನ್ನೇ ಹೇಳಿದರು. 2023ರಲ್ಲಿ ಮತ್ತೆ ಹೇಳಿದರು. ಮೂರು ಸಲ ಹೇಳಿಸಿಕೊಂಡರೂ ಕೇಳಿಸದವರು ನಾವು.

ನಮ್ಮ ಬೀದಿ ತುದಿಯ ಮೆಡಿಕಲ್ ಸ್ಟೋರಿಗೆ ಬನ್ನಿ. ರಾತ್ರಿ ಒಂಬತ್ತು ಗಂಟೆ. ಒಬ್ಬ ಹಿರಿಯರು ಮೊಬೈಲು ಚಾಚುತ್ತಾರೆ. ವಾಟ್ಸ್ಯಾಪಿನಲ್ಲಿ ಯಾವ ಕಾಲದ್ದೋ ಚೀಟಿಯ ಫೋಟೊ. ಡಾಕ್ಟರ ಸಹಿ ಮಸುಕು, ತಾರೀಖಿನ ಮೇಲೆ ಫೋಟೊ ತೆಗೆದವರ ಹೆಬ್ಬೆರಳು. ಅಂಗಡಿ ಹುಡುಗ ಅದನ್ನು ನೋಡುವುದೂ ಇಲ್ಲ.

‘ಅಂಕಲ್, ಪಾಯಿಂಟ್ ಟೂ ಫೈವಾ, ಪಾಯಿಂಟ್ ಫೈವಾ?’

‘ಫೈವೇ ಕೊಡಪ್ಪ. ಟೂ ಫೈವ್ ಈಗ ನಾಟಲ್ಲ.’

ಕತ್ತರಿ ಆಡಿತು. ಅರ್ಧ ಸ್ಟ್ರಿಪ್ ಕಾಗದದ ಕವರಿಗೆ ಬಿತ್ತು. ಫೋನ್‌ಪೇ ಪೆಟ್ಟಿಗೆ ದುಡ್ಡು ಬಂತು ಅಂತ ಕೂಗಿತು. ಚಿಕಿತ್ಸೆ ಮುಗಿಯಿತು.

ಆ ಸ್ಟ್ರಿಪ್ಪಿನ ಮೇಲೆ ಕೆಂಪು ಚೌಕದಲ್ಲಿ ಎಚ್ಚರಿಕೆ ಅಚ್ಚಾಗಿರುತ್ತದೆ. ಆಲ್ಪ್ರಾಜೋಲಮ್ ಶೆಡ್ಯೂಲ್ ಎಚ್1 ಔಷಧ. ಬರೆದುಕೊಟ್ಟ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಎಂಬುದನ್ನೆಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು ಅನ್ನುತ್ತದೆ 2013ರ ನಿಯಮ. ಆ ರಿಜಿಸ್ಟರು ಎಲ್ಲಿದೆ ಅಂತ ಕೇಳಿ ನೋಡಿ. ‘ಓನರ್ ಹತ್ರ ಇದೆ ಸಾರ್.’ ಓನರ್ ಎಲ್ಲಿ? ಮಲಗಿದ್ದಾರೆ.

ಚಟ ಹಿಡಿಸುವ ಮಾತ್ರೆಯ ಲೆಕ್ಕ ಬರೆಯಲು ಈ ದೇಶದಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆ ಮಾತ್ರೆ ಬಿಡಿಸಲು ಹೊರಟ ಹುಡುಗಿ ಸ್ಲೀಪ್ ಡೈರಿಯ ಇನ್ನೂರು ಪ್ರತಿ ಅಚ್ಚು ಹಾಕಿಸಿದರೆ ಕೊಟೇಶನ್ ಬೇಕು, ಜಿಎಸ್‌ಟಿ ಬಿಲ್ಲು ಬೇಕು, ಗೈಡ್ ಸಹಿ ಬೇಕು, ಹಣಕಾಸು ಅಧಿಕಾರಿಯ ಟಿಪ್ಪಣಿ ಬೇಕು.

ಜೋಲ್ಪಿಡೆಮ್ ಇದೆಯಲ್ಲ, ‘ಇದು ಸೇಫು’ ಅಂತ ಕೊಡುವ ಇನ್ನೊಂದು ಮಾತ್ರೆ. ಅದನ್ನು ನುಂಗಿದ ಕೆಲವರು ನಿದ್ದೆಗಣ್ಣಲ್ಲೇ ಎದ್ದು ನಡೆದು, ಕಾರು ಓಡಿಸಿ ಅನಾಹುತ ಮಾಡಿಕೊಂಡ ಕಾರಣಕ್ಕೆ ಅಮೆರಿಕದ ಎಫ್‌ಡಿಎ 2019ರಲ್ಲಿ ಅದರ ಮೇಲೆ ಅತ್ಯಂತ ಕಠಿಣ ಎಚ್ಚರಿಕೆ ಅಚ್ಚು ಹಾಕಿಸಿತು. ಇನ್ನು ರಾಯಚೂರು ಕಡೆಗೆ ಹೋದರೆ ನಿದ್ದೆ ಮದ್ದಿಗೆ ಚೀಟಿಯ ನಾಟಕವೂ ಬೇಡ. ಅಲ್ಲಿ ಸೇಂದಿಗೆ ಬೆರೆಸುವ ಕುಖ್ಯಾತ ಸಿಎಚ್ ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್, 19ನೇ ಶತಮಾನದ ನಿದ್ದೆ ಔಷಧ. ವಿಜ್ಞಾನ ಹಳ್ಳಿಗೆ ತಲುಪಿಲ್ಲ ಅಂತ ಯಾರು ಹೇಳಿದ್ದು?

(ಇದನ್ನೋದಿ ಯಾರೂ ಇವತ್ತೇ ಮಾತ್ರೆ ಕಸದ ಬುಟ್ಟಿಗೆ ಎಸೆಯಬೇಡಿ. ವರ್ಷಗಟ್ಟಲೆ ನುಂಗಿದ್ದನ್ನು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಡಾಕ್ಟರ ಹತ್ತಿರ ಹೋಗಿ, ಮೆಲ್ಲಗೆ ಇಳಿಸಿ. ಕೋಪ ನನ್ನದು, ನರ ನಿಮ್ಮದು.)

ಹಾಗಾದರೆ ಡಾಕ್ಟರು ಸಿಬಿಟಿ-ಐ ಬರೆಯಲಿ ಅನ್ನುತ್ತೀರಿ. ಬರೆದರೆ ಕೊಡುವವರು ಯಾರು? ಆ ಕೆಲಸ ಕ್ಲಿನಿಕಲ್ ಸೈಕಾಲಜಿಸ್ಟರದ್ದು. ಅವರನ್ನು ತಯಾರು ಮಾಡುತ್ತಿದ್ದದ್ದು ಎರಡು ವರ್ಷದ ಎಂ.ಫಿಲ್. ಆಸ್ಪತ್ರೆಯಲ್ಲೇ ದುಡಿದು ಕಲಿಯುವ ಕೋರ್ಸು. 2020ರ ಶಿಕ್ಷಣ ನೀತಿ ಎಂ.ಫಿಲ್ ಪದವಿಯನ್ನೇ ತೆಗೆದುಹಾಕಿತು. 2023ರ ಡಿಸೆಂಬರಿನಲ್ಲಿ ಯುಜಿಸಿ ‘ಎಂ.ಫಿಲ್‌ಗೆ ಮಾನ್ಯತೆ ಇಲ್ಲ, ಯಾರೂ ಸೇರಬೇಡಿ’ ಅಂತ ಗುಡುಗಿತು. ಆಮೇಲೆ ಯಾರೋ ನೆನಪಿಸಿರಬೇಕು, ಸ್ವಾಮಿ, ಹುಚ್ಚಾಸ್ಪತ್ರೆಗಳು ನಡೆಯುತ್ತಿರುವುದೇ ಈ ಪದವೀಧರರಿಂದ ಅಂತ. ಕೆಲವೇ ವಾರದಲ್ಲಿ ಇನ್ನೊಂದು ಸುತ್ತೋಲೆ: ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ ಮಾತ್ರ 2025–26ರವರೆಗೆ ಜೀವದಾನ. ಪದವಿಗೇ ಎಕ್ಸ್‌ಟೆನ್ಶನ್ ಕೊಟ್ಟ ದೇಶದಲ್ಲಿ ಪದವೀಧರ ನೆಮ್ಮದಿಯಾಗಿ ಮಲಗಬೇಕಂತೆ.

ಈಗ ದುಡ್ಡಿನ ಮಾತಿಗೆ ಬರೋಣ. ಜಿಡಿಪಿಯ ನೂರು ರೂಪಾಯಿಯಲ್ಲಿ ಸಂಶೋಧನೆಗೆ ನಾವು ತೆಗೆದಿಡುವುದು 64 ಪೈಸೆ. ಎಲ್ಲ ವಿಜ್ಞಾನಕ್ಕೂ ಸೇರಿ. 2023ರಲ್ಲಿ ಕಾನೂನು ಮಾಡಿ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಟ್ಟಿದರು. ಐದು ವರ್ಷಕ್ಕೆ 50,000 ಕೋಟಿ ಅಂದರು. ಚಪ್ಪಾಳೆ ಬಿತ್ತು. ಅದರಲ್ಲಿ 36,000 ಕೋಟಿ ಉದ್ಯಮಿಗಳು, ದಾನಿಗಳು ತಂದುಕೊಡಬೇಕಾದದ್ದು ಎಂಬ ಸಾಲು ಬರುವ ಹೊತ್ತಿಗೆ ಚಪ್ಪಾಳೆ ತಟ್ಟಿದವರು ಎದ್ದು ಊಟಕ್ಕೆ ಹೋಗಿದ್ದರು. ಊರವರ ಜೇಬು ನಂಬಿ ಜಾತ್ರೆ ಸಾರಿದ ಹಾಗಾಯಿತು.

ಆ ಪ್ರತಿಷ್ಠಾನದಲ್ಲಿ ಎಳೆಯ ಸಂಶೋಧಕರಿಗೆ ಒಂದು ಯೋಜನೆ ಇದೆ, ಪ್ರಧಾನಮಂತ್ರಿಯವರ ಹೆಸರಲ್ಲೇ. ಮೂರು ವರ್ಷಕ್ಕೆ 60 ಲಕ್ಷದವರೆಗೆ. ವಯಸ್ಸು 42 ಮೀರಿರಬಾರದು. ಒಳ್ಳೆಯದೇ, ಬೈಯುವುದಿಲ್ಲ. ಆದರೆ ಕಾಯಂ ಹುದ್ದೆಯಲ್ಲಿ ಕೂತಿರಬೇಕು! ಎಳೆಯರಿಗೆ ಕಾಯಂ ಹುದ್ದೆ ಎಲ್ಲಿದೆ? ಪಿಎಚ್‌ಡಿ ಮುಗಿಸಿದವರು ಅತಿಥಿ ಉಪನ್ಯಾಸಕರಾಗಿ ವರ್ಷಾವರ್ಷ ಕೌನ್ಸೆಲಿಂಗ್ ಸಾಲಿನಲ್ಲಿ ನಿಂತಿದ್ದಾರೆ. ‘ಅತಿಥಿ’ ಅಂತ ಕರೆದು ಊಟಕ್ಕೂ ಸಾಲದಷ್ಟು ಕೊಡುವುದು ನಮ್ಮ ಸರ್ಕಾರದ ಆತಿಥ್ಯ. ಅವರ ಹತ್ತಿರ ಹೋಗಿ ‘ಕಾಯಂ ಆದ ಮೇಲೆ ಬನ್ನಿ, ಬೇಗ ಬನ್ನಿ, 42 ದಾಟಬೇಡಿ’ ಅನ್ನುತ್ತೇವೆ. ಮದುವೆಗೆ ಸಾಲ ಕೊಡುತ್ತೇವೆ, ಮಕ್ಕಳಾದ ಸರ್ಟಿಫಿಕೇಟು ತನ್ನಿ ಅಂದರೆ ಹೇಗಿರುತ್ತದೋ ಹಾಗೆ.

ಅಲ್ಲ ಕಣ್ರೀ, ದುಡ್ಡೇ ಇಲ್ಲವಾ? ಇದೆ. 2025ರ ಜುಲೈ 1ರಂದು ಕೇಂದ್ರ ಸಂಪುಟ ಸಂಶೋಧನೆ ಮತ್ತು ನಾವೀನ್ಯತೆಗೆ 1 ಲಕ್ಷ ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಯಾರಿಗೆ? ಖಾಸಗಿ ಕಂಪನಿಗಳಿಗೆ. ಕಡಿಮೆ ಬಡ್ಡಿಗೆ ಅಥವಾ ಬಡ್ಡಿಯೇ ಇಲ್ಲದೆ, ದೀರ್ಘಾವಧಿಗೆ. ತಂತ್ರಜ್ಞಾನ ಅರ್ಧ ದಾರಿ ಹಣ್ಣಾಗಿರಬೇಕು, ಮಾರುಕಟ್ಟೆಯ ವಾಸನೆ ಬರುತ್ತಿರಬೇಕು. ನಿದ್ದೆಯಿಲ್ಲದ ಹೆಂಗಸಿನ ಎದುರು ಕೂತು ‘ಅಮ್ಮಾ, ಮಧ್ಯಾಹ್ನ ಮಲಗಬೇಡಿ’ ಅನ್ನುವುದನ್ನು ಯಾವ ತಂತ್ರಜ್ಞಾನದ ಮೆಟ್ಟಿಲ ಮೇಲೆ ಕೂರಿಸುತ್ತೀರಿ?

ಅಸಲು ರೋಗ ಇಲ್ಲಿದೆ. ಮಾತ್ರೆಗೆ ಪೇಟೆಂಟ್ ಇದೆ, ಎಂಆರ್‌ಪಿ ಇದೆ, ಬ್ಯಾಗು ಹೊತ್ತ ರೆಪ್ ಇದ್ದಾನೆ, ಡಾಕ್ಟರಿಗೆ ಗೋವಾದಲ್ಲಿ ಸಮ್ಮೇಳನ ಇದೆ. ಬೆಳಿಗ್ಗೆ ಆರಕ್ಕೆ ಎದ್ದೇಳಿ ಎಂಬ ಮಾತಿಗೆ ಪೇಟೆಂಟ್ ಸಿಗುವುದಿಲ್ಲ. ಹಾಗಾಗಿ ಅದರ ಪರೀಕ್ಷೆಗೆ ಕಂಪನಿಗಳು ದುಡ್ಡು ಹಾಕುವುದು ಅಪರೂಪ. ಕಂಪನಿ ಹಾಕದ ಕಡೆ ಸರ್ಕಾರ ಹಾಕಬೇಕು. ಸರ್ಕಾರ ‘ಖಾಸಗಿಯವರನ್ನು ಕೇಳಿ’ ಅನ್ನುತ್ತದೆ.

ಮಾರುಕಟ್ಟೆಯೇ ಎಲ್ಲ ನೋಡಿಕೊಳ್ಳುತ್ತದೆ ಅನ್ನುವವರಿಗೆ ಬೋಸ್ಟನ್ನಿನ ಪೇರ್ ಥೆರಪ್ಯೂಟಿಕ್ಸ್ ಕಥೆ ಹೇಳಬೇಕು. ಸಿಬಿಟಿ-ಐಯನ್ನೇ ಮೊಬೈಲ್ ಆ್ಯಪ್ ಮಾಡಿ, 2020ರಲ್ಲಿ ಎಫ್‌ಡಿಎ ಮುದ್ರೆ ಹಾಕಿಸಿಕೊಂಡು, 2021ರಲ್ಲಿ ಸುಮಾರು 160 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡು ಷೇರುಪೇಟೆಗೆ ಬಂತು. ವಿಮಾ ಕಂಪನಿಗಳು ದುಡ್ಡು ಬಿಚ್ಚಲಿಲ್ಲ. 2023ರ ಏಪ್ರಿಲಿನಲ್ಲಿ ದಿವಾಳಿ. ಹರಾಜಿನಲ್ಲಿ ಬಂದದ್ದು 60 ಲಕ್ಷ ಡಾಲರ್ ಚಿಲ್ಲರೆ. ಅಷ್ಟು ಶ್ರೀಮಂತ ಪೇಟೆಯಲ್ಲೇ ಹೀಗಾದರೆ ಚಿಕ್ಕಪೇಟೆ ಏನು ಮಾಡೀತು? ಬ್ರಿಟನ್ನಿನವರು ಜಾಣರು. ಅಲ್ಲಿ ಇಂಥದ್ದೇ ಸ್ಲೀಪಿಯೊ ಎಂಬ ಆ್ಯಪನ್ನು ಸರ್ಕಾರಿ ಆರೋಗ್ಯ ಸೇವೆಯಲ್ಲಿ ನಿದ್ದೆ ಮಾತ್ರೆಯ ಬದಲು ಬಳಸಬಹುದು ಅಂತ ನೈಸ್ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ವರ್ಷಗಟ್ಟಲೆಯ ಪರೀಕ್ಷೆಗಳಿದ್ದವು, ಪರೀಕ್ಷೆ ಮಾಡಿದವರಿಗೆ ಸಂಬಳವಿತ್ತು, ಆದ್ದರಿಂದ ಶಿಫಾರಸು ಬಂತು.

ಅವರದನ್ನೇ ಕನ್ನಡಕ್ಕೆ ತಂದರೆ ಆಯಿತಲ್ಲ ಅನ್ನುವ ಮಹಾಶಯರಿದ್ದಾರೆ. ಸಂಶೋಧನೆ ಇಲ್ಲಿ ಯಾಕೆ ಬೇಕು ಅಂತ ಮೂಗು ಮುರಿಯುತ್ತಾರೆ.

ಬೂಟ್ಜಿನ್ ಹೇಳಿದ್ದನ್ನು ಪೀಣ್ಯದ ಶೀಟು ಮನೆಗೆ ಒಯ್ಯಿರಿ. ನಿದ್ದೆ ಬಾರದಿದ್ದರೆ ಬೇರೆ ಕೋಣೆಗೆ ಹೋಗಿ. ಯಾವ ಕೋಣೆಗೆ ಸ್ವಾಮಿ? ಹತ್ತಡಿಗೆ ಹತ್ತಡಿಯಲ್ಲಿ ಐದು ಜನ ಮಲಗಿದ್ದಾರೆ. ಗಂಡ ಬಾಗಿಲ ಕಡೆ, ಮಕ್ಕಳು ನಡುವೆ, ಅತ್ತೆ ಗ್ಯಾಸ್ ಕಟ್ಟೆಯ ಕೆಳಗೆ. ಬೇರೆ ಕೋಣೆ ಅಂತ ಇರುವುದು ಮಾಲೀಕರದ್ದು. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು ರಾತ್ರಿ ಎರಡಕ್ಕೆ ಎದ್ದು ಲೈಟು ಹಾಕಿದರೆ ಇಡೀ ಮನೆ ಎದ್ದು ಕೂರುತ್ತದೆ. ಹೊರಗೆ ಹೋಗಿ ಕೂರಲೇ? ಬೀದಿ ನಾಯಿಗೂ ಬೀಟ್ ಪೊಲೀಸಿಗೂ ಉತ್ತರ ಹೇಳಬೇಕು.

ಹಾಸಿಗೆಯನ್ನು ನಿದ್ದೆಗೆ ಮಾತ್ರ ಬಳಸಿ ಅನ್ನುತ್ತದೆ ಪುಸ್ತಕ. ಅವಳ ಹಾಸಿಗೆ ಅಂದರೆ ಬೆಳಿಗ್ಗೆ ಸುತ್ತಿ ಮೂಲೆಗೆ ಒರಗಿಸುವ ಚಾಪೆ. ಅದೇ ಜಾಗದಲ್ಲಿ ಹಗಲು ಊಟ, ಪಾಠ, ಜಗಳ. ನಾಲ್ಕೂವರೆಗೆ ನೀರು ಬರುತ್ತದೆ, ಬಿಂದಿಗೆ ಹಿಡಿದು ನಿಲ್ಲಬೇಕು. ನೀರು ಬಿಡುವವನ ಗಡಿಯಾರಕ್ಕೆ ಸಿಬಿಟಿ-ಐ ಗೊತ್ತಿಲ್ಲ. ಈ ಹೆಂಗಸಿಗೆ ಆ ಚಿಕಿತ್ಸೆಯನ್ನು ಹೇಗೆ ಹೊಂದಿಸುವುದು? ಎದ್ದು ಹೋಗುವ ಬದಲು ಗೋಡೆಗೆ ಒರಗಿ ಕೂತರೆ ಸಾಕೇ? ಆಸ್ಪತ್ರೆಗೆ ಬರಲಾಗದಿದ್ದರೆ ಆಶಾ ಕಾರ್ಯಕರ್ತೆ ಕಲಿಸಬಹುದೇ? ಉತ್ತರ ಬೋಸ್ಟನ್ನಿನಲ್ಲಿ ಸಿಗುವುದಿಲ್ಲ. ಪೀಣ್ಯದಲ್ಲೇ ಹುಡುಕಬೇಕು. ಹುಡುಕುವವರಿಗೆ ಬಸ್ ಚಾರ್ಜ್ ಕೊಡಬೇಕು.

ಹುಡುಕಲು ಹೊರಟವಳೊಬ್ಬಳನ್ನು ಬಲ್ಲೆ. ಹೆಸರು ಬೇಡ, ಸಂಸ್ಥೆಯ ಹೆಸರಂತೂ ಬೇಡವೇ ಬೇಡ, ಅವಳ ಥೀಸಿಸ್ ಇನ್ನೂ ಒಳಗಿದೆ. ಗೊರಕೆ, ಉಸಿರುಗಟ್ಟುವ ಕಾಯಿಲೆ ಇರುವವರನ್ನು ಅಧ್ಯಯನದಿಂದ ಬೇರ್ಪಡಿಸಲು ಒಂದು ರಾತ್ರಿ ಲ್ಯಾಬಿನಲ್ಲಿ ಮಲಗಿಸಬೇಕಾಗುತ್ತದೆ. ತಲೆ ಅಳೆದು, ಕೂದಲು ಸರಿಸಿ, ಅಂಟು ಮೆತ್ತಿ ಒಂದೊಂದೇ ತಂತಿ ಕೂರಿಸಬೇಕು. ಕಣ್ಣಿನ ಪಕ್ಕ, ಗದ್ದದ ಕೆಳಗೆ, ಕಾಲಿಗೆ. ರೋಗಿ ಮಲಗಿದ ಮೇಲೆ ಪಕ್ಕದ ಕೋಣೆಯಲ್ಲಿ ತೆರೆ ನೋಡುತ್ತಾ ಕೂರಬೇಕು. ತಂತಿ ಕಳಚಿದರೆ ಓಡಬೇಕು. ಬೆಳಿಗ್ಗೆ ಆ ದಾಖಲೆಯನ್ನು ಮೂವತ್ತು ಮೂವತ್ತು ಸೆಕೆಂಡಿನ ತುಂಡು ಮಾಡಿ ಪ್ರತಿ ತುಂಡಿಗೂ ನಿದ್ದೆಯ ಯಾವ ಹಂತ ಅಂತ ಗುರುತು ಹಾಕಬೇಕು. ಎಂಟು ತಾಸಿಗೆ 960 ತುಂಡು. ಒಬ್ಬ ರೋಗಿಯ ಒಂದು ರಾತ್ರಿ.

‘ಫೆಲೋಶಿಪ್ ಬಂತಾಮ್ಮಾ?’ ಅಂದೆ.

‘ಬರತ್ತೆ ಸರ್. ಫೈಲ್ ಮೂವ್ ಆಗಿದೆಯಂತೆ.’

‘ಮನೆ ಬಾಡಿಗೆ?’

‘ಅಣ್ಣ ಕಳಿಸ್ತಾನೆ ಸರ್. ಈಗೀಗ ನಂಗೂ ರಾತ್ರಿ ನಿದ್ದೆ ಬರಲ್ಲ.’

ನಕ್ಕಳು. ನನಗೆ ನಗು ಬರಲಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ಫೈಲ್ ಹಿಡಿದು ಕೂತವನಿಗೆ ಅಂತೂ ಕಚೇರಿಯಲ್ಲೇ ಬರುತ್ತದೆ.

ಅವಳ ಅರ್ಜಿಗೆ ಬರುವ ಪ್ರಶ್ನೆಗಳನ್ನು ಕೇಳಬೇಕು. ‘ಯಾವ ಉಪಕರಣ ಕೊಳ್ಳುತ್ತೀರಿ?’ ಉಪಕರಣ ಇಲ್ಲ, ರೋಗಿಗಳ ಜೊತೆ ಕೂರುವ ಇಬ್ಬರ ಸಂಬಳ ಬೇಕು. ‘ಸಿಬ್ಬಂದಿ ವೆಚ್ಚ ಜಾಸ್ತಿಯಾಯಿತು.’ ಅಯ್ಯಾ, ಆ ಸಿಬ್ಬಂದಿಯೇ ಚಿಕಿತ್ಸೆ! ಮಾತ್ರೆಯ ಪರೀಕ್ಷೆಯಲ್ಲಿ ಮಾತ್ರೆ ಇದ್ದ ಹಾಗೆ ಇಲ್ಲಿ ಮನುಷ್ಯ. ‘ಹುಸಿ ಚಿಕಿತ್ಸೆಯ ಗುಂಪು ಇಟ್ಟಿದ್ದೀರಾ?’ ಮಾತ್ರೆಯಾದರೆ ಅದೇ ಬಣ್ಣದ ಸಕ್ಕರೆ ಗುಳಿಗೆ ಕೊಡಬಹುದು. ಮಾತಿನ ಚಿಕಿತ್ಸೆಗೆ ಹುಸಿ ಮಾತು ಎಲ್ಲಿಂದ ತರುವುದು? (ನಮ್ಮ ಶಾಸಕರನ್ನು ಕರೆಸಬಹುದಿತ್ತು. ಆದರೆ ಅವರ ಭಾಷಣಕ್ಕೆ ಜನ ನಿಜವಾಗಿ ಮಲಗಿಬಿಟ್ಟರೆ ಪ್ರಯೋಗ ಕೆಡುತ್ತದೆ.)

ಕೊನೆಗೆ ಬರುತ್ತದೆ ಮಹಾಪ್ರಶ್ನೆ: ‘ಇದು ನಮ್ಮ ವ್ಯಾಪ್ತಿಗೆ ಬರುತ್ತದೆಯೇ?’ ವೈದ್ಯಕೀಯದವರಿಗೆ ಇದು ಮನೋವಿಜ್ಞಾನ. ಮನೋವಿಜ್ಞಾನವನ್ನು ನೋಡಿಕೊಳ್ಳುವ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತಿಗೆ ಇದು ವೈದ್ಯಕೀಯ. ಆಯುಷ್‌ನವರಿಗೆ ಆಸನ ಇಲ್ಲದೆ ರುಚಿಸುವುದಿಲ್ಲ. ಆ ಬಾಗಿಲಿಂದ ಈ ಬಾಗಿಲಿಗೆ ಓಡಾಡುವಷ್ಟರಲ್ಲಿ 42 ತುಂಬುತ್ತದೆ.

ಯೋಗದ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ವಿಜ್ಞಾನ ತಂತ್ರಜ್ಞಾನ ಇಲಾಖೆಯಲ್ಲಿ ‘ಸತ್ಯಂ’ ಅಂತ ಯೋಜನೆ ಇದೆ, ಯೋಗ ಮತ್ತು ಧ್ಯಾನದ ಸಂಶೋಧನೆಗೆ. ಇರಲೇಬೇಕಾದ ಯೋಜನೆ. ನಿಮ್ಹಾನ್ಸ್‌ನವರು ವಿಪಶ್ಯನ ಸಾಧಕರ ನಿದ್ದೆಯನ್ನು ತಂತಿ ಹಚ್ಚಿ ಅಳೆದು ಪ್ರಕಟಿಸಿದ್ದು ಈ ಯೋಜನೆ ಹುಟ್ಟುವುದಕ್ಕೂ ಮುಂಚೆ. ಕೆಲಸ ಮಾಡುವವರು ನಮ್ಮಲ್ಲಿ ಇದ್ದಾರೆ.

ನನ್ನ ತಕರಾರು ವೇದಿಕೆಯ ಬಗ್ಗೆ. 2022ರ ಯೋಗ ದಿನದಂದು ಮೈಸೂರು ಅರಮನೆ ಮೈದಾನಕ್ಕೆ ಪ್ರಧಾನಿಯವರೇ ಚಾಪೆ ಹಾಸಲು ಬಂದರು. ಅವತ್ತಿನಿಂದ ಇವತ್ತಿನವರೆಗೆ ಮೈಕು ಹಿಡಿದವರೆಲ್ಲ ಯೋಗದಿಂದ ಸಕಲ ರೋಗವೂ ವಾಸಿ ಅನ್ನುತ್ತಲೇ ಇದ್ದಾರೆ. ಎಲ್ಲ ಮೊದಲೇ ಸಾಬೀತಾಗಿದ್ದರೆ ಸಂಶೋಧನೆ ಯಾಕೆ? ಸಾಬೀತಾಗಿಲ್ಲದಿದ್ದರೆ ಭಾಷಣ ಯಾಕೆ? ನಾಳೆ ಒಬ್ಬ ಹುಡುಗ ಕಷ್ಟಪಟ್ಟು ಪರೀಕ್ಷೆ ಮಾಡಿ ‘ಯೋಗನಿದ್ರೆಯಿಂದ ಆಗುವಷ್ಟೇ ಲಾಭ ಸುಮ್ಮನೆ ಕಣ್ಣು ಮುಚ್ಚಿ ಕೂತರೂ ಆಗುತ್ತದೆ’ ಅಂತ ಬರೆದ ಅನ್ನಿ. ಸತ್ಯ ಹೇಳಿದ್ದಕ್ಕೆ ಅವನ ಮುಂದಿನ ಅನುದಾನಕ್ಕೆ ಸಹಿ ಹಾಕುವ ಗಂಡೆದೆ ಯಾರಿಗಿದೆ? ಅಥವಾ ಅವನು ‘ಯೋಗನಿದ್ರೆಯೇ ಮೇಲು’ ಅಂತ ಗಟ್ಟಿ ಪುರಾವೆ ತಂದ ಅನ್ನಿ. ಆಗಲೂ ಅವನ ಗತಿ ಅಷ್ಟೆ. ‘ಇದು ನಮ್ಮ ಋಷಿಗಳಿಗೆ ಗೊತ್ತಿತ್ತು’ ಅಂದು ಕಳಿಸುತ್ತಾರೆ.

ಇನ್ನು ನಮ್ಮ ಉದ್ಯಮಿಗಳು. ನಾರಾಯಣ ಮೂರ್ತಿಯವರು 2023ರಲ್ಲಿ ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಅಂದರು. ಎಲ್ ಆ್ಯಂಡ್ ಟಿಯ ಸುಬ್ರಹ್ಮಣ್ಯನ್ 2025ರಲ್ಲಿ ಹರಾಜು ಕೂಗಿದ ಹಾಗೆ 90ಕ್ಕೆ ಏರಿಸಿದರು, ಭಾನುವಾರವನ್ನೂ ಬಿಡಲಿಲ್ಲ. ನಡುವೆ 2024ರಲ್ಲಿ ಕರ್ನಾಟಕದಲ್ಲೇ ಐಟಿಯವರಿಗೆ 14 ತಾಸಿನ ದಿನದ ಪ್ರಸ್ತಾಪ ಬಂದು ನೌಕರರ ಸಂಘ ಪ್ರತಿಭಟಿಸಿತು.

ಇಂಥ ಕಂಪನಿಗಳಲ್ಲೇ ವೆಲ್‌ನೆಸ್ ಸಪ್ತಾಹ ಅಂತ ಮಾಡುತ್ತಾರೆ. ‘ನಿದ್ದೆಯ ಮಹತ್ವ’ ಕುರಿತು ಉಪನ್ಯಾಸ. ಸಮಯ ರಾತ್ರಿ ಎಂಟೂವರೆ, ಅಮೆರಿಕದ ಕಾಲ್ ಶುರುವಾಗುವುದಕ್ಕೆ ಮುಂಚೆ. ಬಂದವರಿಗೆಲ್ಲ ಒಂದು ಕಣ್ಣುಪಟ್ಟಿ, ಕಂಪನಿಯ ಲೋಗೊ ಸಮೇತ. ಸರ್ಕಾರಿ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ ಸಿಎಸ್‌ಆರ್ ದುಡ್ಡು ಕೊಡಲು ಕಂಪನಿ ಕಾಯ್ದೆಯಲ್ಲೇ ಅವಕಾಶ ಇದೆ. ಕಾಯ್ದೆ ತಿರುವಿ ನೋಡುವಷ್ಟು ಎಚ್ಚರ ಅವರಿಗೂ ಇರಲಿ. ನಿದ್ದೆ ಕೆಡಿಸುವವರು ನಿದ್ದೆಯ ಸಂಶೋಧನೆಗೆ ಒಂದಿಷ್ಟು ಕೊಡುವುದು ದಾನವಲ್ಲ, ದಂಡ.

ನಾವೇನೂ ಕೈಲಾಗದವರಲ್ಲ, ಅದೇ ಸಿಟ್ಟು. ನಿಮ್ಹಾನ್ಸ್ 1970ರ ದಶಕದಲ್ಲೇ ಸಕಲವಾರದ ಹಳ್ಳಿಗಳಿಗೆ ಹೋಯಿತು. 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ಆಸ್ಪತ್ರೆಯ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ ಮಾನಸಿಕ ಆರೋಗ್ಯವನ್ನು ತಾಲ್ಲೂಕಿನ ಬಾಗಿಲಿಗೆ ತಂದಿತು. 1996ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆ ಬಳ್ಳಾರಿಯೇ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಟೂ ಇದೆ. ಸರತಿಯಲ್ಲಿ ನಿಂತು ಕೇಳಿಸಿಕೊಳ್ಳಿ. ಎಷ್ಟೋ ಜನರ ಮೊದಲ ಮಾತು ಒಂದೇ: ‘ಡಾಕ್ಟ್ರೇ, ನಿದ್ದೆ ಇಲ್ಲ.’

ಅಂದರೆ ರೋಗಿಗಳಿದ್ದಾರೆ, ಆಸ್ಪತ್ರೆ ಇದೆ, ಚಿಕಿತ್ಸೆ ಇದೆ, ಕಲಿತ ಮಕ್ಕಳಿದ್ದಾರೆ. ಇವನ್ನೆಲ್ಲ ಜೋಡಿಸಲು ಬೇಕಾದದ್ದು ದೊಡ್ಡ ವಿಜ್ಞಾನ ಅಲ್ಲ. ಫೆಲೋಶಿಪ್ಪು ಸರ್ಕಾರಿ ನೌಕರರ ಸಂಬಳದ ದಿನವೇ ಬೀಳಲಿ. ಒಂದು ತಿಂಗಳು ಕಾರ್ಯದರ್ಶಿಗಳ ಸಂಬಳವನ್ನೂ ಅದೇ ಫೈಲಿನ ಜೊತೆ ಕಟ್ಟಿ ಕಳಿಸಿದರೆ ಫೈಲು ಎಷ್ಟು ಚುರುಕು ಅಂತ ಗೊತ್ತಾಗುತ್ತದೆ. ಪಿಎಚ್‌ಡಿ ಮುಗಿಸಿದವರಿಗೆ ಕಾಯಂ ಹುದ್ದೆಯ ಷರತ್ತಿಲ್ಲದೆ ನಾಲ್ಕೈದು ವರ್ಷದ ಅನುದಾನ ಕೊಡಿ, ತಾಲ್ಲೂಕು ಆಸ್ಪತ್ರೆಯಲ್ಲಿ ಕೂತು ಕನ್ನಡದಲ್ಲಿ ಚಿಕಿತ್ಸೆ ಪರೀಕ್ಷಿಸಲಿ. ಸಿಬ್ಬಂದಿ ವೆಚ್ಚವನ್ನು ಖರ್ಚು ಅಂತ ನೋಡಬೇಡಿ. ಜಿಲ್ಲಾ ತಂಡಗಳಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬ ಹುದ್ದೆ ಕಾಗದದಲ್ಲಿ ಇದೆ, ಅದರ ಕುರ್ಚಿಯಲ್ಲಿ ಮನುಷ್ಯರನ್ನು ಕೂರಿಸಿ. ಫಲಿತಾಂಶ ‘ಪ್ರಯೋಜನವಿಲ್ಲ’ ಅಂತ ಬಂದರೂ ಪ್ರಕಟಿಸಿದವರ ಬೆನ್ನು ತಟ್ಟಿ. ಮತ್ತೆ ಆ ಎಚ್1 ರಿಜಿಸ್ಟರು, ಅದನ್ನು ಒಂದು ಸಲ ತೆರೆದು ನೋಡಿ. ಖಾಲಿ ಪುಟಗಳನ್ನು ಸಂಶೋಧಕರಿಗೆ ಕೊಟ್ಟರೂ ಸಾಕು, ಸ್ಲೀಪ್ ಡೈರಿ ಅಚ್ಚು ಹಾಕಿಸಿಕೊಳ್ಳುತ್ತಾರೆ.

ಓದುಗರಲ್ಲಿ ಒಂದು ಮಾತು. ಮುಂದಿನ ಜೂನ್ 21ರ ಯೋಗ ದಿನಕ್ಕೆ ನಿಮ್ಮ ಊರಿನ ಮೈದಾನಕ್ಕೂ ಮಂತ್ರಿಗಳು ಬರುತ್ತಾರೆ. ಬಿಳಿ ಟೀಶರ್ಟು, ಹೊಸ ಚಾಪೆ, ಹತ್ತು ಕ್ಯಾಮೆರಾ. ಶವಾಸನ ಮುಗಿಸಿ ಎದ್ದ ಕೂಡಲೇ ಹತ್ತಿರ ಹೋಗಿ ಕೇಳಿ: ‘ಸ್ವಾಮಿ, ಸಂಶೋಧನೆ ಮಾಡುವ ಮಕ್ಕಳಿಗೆ ಯಾವ ತಿಂಗಳವರೆಗಿನ ಫೆಲೋಶಿಪ್ ಕೊಟ್ಟಿದ್ದೀರಿ?’ ಉತ್ತರ ಬರುವವರೆಗೆ ಜಾಗ ಬಿಡಬೇಡಿ.